ಆ ನಾಲ್ಕು ನೋಟ್‌ಬುಕ್ಕುಗಳನ್ನು ಯಾರಿಗೆ ಕೊಡಲಿ?

ಕರ್ನಾಟಕದ ಎಲ್ಲ ಪಕ್ಷಗಳ ಜಿಲ್ಲಾ ಅಧ್ಯಕ್ಷರಿಗೆ, ಶಾಸಕರಿಗೆ, ಸಂಸದರಿಗೆ,

ನಮಸ್ಕಾರ.

ನನ್ನ ಓದುವ ಮೇಜಿನ ಮೇಲೆ ನಾಲ್ಕು ಉದ್ದನೆಯ ನೋಟ್‌ಬುಕ್ಕುಗಳಿವೆ. ಒಂದೊಂದೂ ಇನ್ನೂರು ಪುಟದ್ದು. ರಟ್ಟುಗಳು ಬೆವರಿಗೆ ನೆಂದು, ಒಣಗಿ, ಮುದುರಿಕೊಂಡಿವೆ. ಒಂದರ ಮೇಲೆ ಸಾರಿನ ಕಲೆ ಇದೆ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 31 ಬೂತುಗಳ ಜನ ತಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದ ಮಾತುಗಳು ಅದರಲ್ಲಿವೆ. ಕೆಲವನ್ನು ನಾನು ಬರೆದೆ. ಜಾಸ್ತಿ ಬರೆದವರು ನನ್ನ ಜೊತೆ ಓಡಾಡಿದ ಹುಡುಗ ಹುಡುಗಿಯರು. ಹಾಗಾಗಿ ಪುಟಕ್ಕೊಂದು ಕೈಬರಹ.

ಚುನಾವಣೆ ಮುಗಿದು ನಾಲ್ಕು ತಿಂಗಳಾಯಿತು. ಇವುಗಳನ್ನು ಯಾರಿಗೆ ಕೊಡಬೇಕು ಅಂತ ಅಂದಿನಿಂದ ಕೇಳುತ್ತಲೇ ಇದ್ದೇನೆ. ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಅದಕ್ಕೇ ಈ ಪತ್ರ.

ನಾನು ಬಯಲುಸೀಮೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಓದಿದವಳು. ರಾಜ್ಯಶಾಸ್ತ್ರ ನನ್ನ ವಿಷಯ. 2021ರಲ್ಲಿ ನಾವು ಡಿಗ್ರಿಗೆ ಸೇರಿದಾಗ ಹೊಸ ಶಿಕ್ಷಣ ನೀತಿ ಬಂದಿತ್ತು, ನಮ್ಮದೇ ಮೊದಲ ಬ್ಯಾಚು. ಆರನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕಿತ್ತು. ಗೆಳತಿಯರು ಸೊಸೈಟಿ ಬ್ಯಾಂಕಿಗೆ, ಡಿಟಿಪಿ ಸೆಂಟರಿಗೆ, ಸ್ವಯಂಸೇವಾ ಸಂಸ್ಥೆಗೆ ಹೋದರು. ಅದೇ ಹೊತ್ತಿಗೆ, 2024ರ ಮಾರ್ಚ್ 16ಕ್ಕೆ, ಲೋಕಸಭಾ ಚುನಾವಣೆ ಘೋಷಣೆ ಆಯಿತು. ಮೂರು ವರ್ಷ ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ನೋಡೋಣ ಅಂತ ನಾನು ಒಬ್ಬ ಅಭ್ಯರ್ಥಿಯ ಪ್ರಚಾರ ಕಚೇರಿಗೆ ಅರ್ಜಿ ಹಾಕಿದೆ. ನಮ್ಮ ಮೇಡಂ ಸಹಿ ಹಾಕುವ ಮುಂಚೆ ಎರಡು ದಿನ ಯೋಚನೆ ಮಾಡಿದರು. ಅಮ್ಮ ಒಂದು ವಾರ ಮಾತು ಬಿಟ್ಟರು.

ಯಾವ ಪಕ್ಷ, ಯಾವ ಅಭ್ಯರ್ಥಿ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ನನ್ನ ಕ್ಲಾಸಿನ ಇಬ್ಬರು ಎದುರು ಪಕ್ಷಕ್ಕೆ ಕೆಲಸ ಮಾಡಿದರು. ಮೂವರೂ ಒಂದು ದಿನ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೂತು ಮಾತಾಡಿದಾಗ ಗೊತ್ತಾಯಿತು, ಶಾಲಿನ ಬಣ್ಣ ಬಿಟ್ಟರೆ ಮೂವರ ಕಥೆಯೂ ಒಂದೇ. ಹೆಸರು ಹಾಕಿದರೆ ಒಂದು ಪಕ್ಷದವರು ಓದಿ ಖುಷಿ ಪಡುತ್ತಾರೆ, ಇನ್ನೊಂದು ಪಕ್ಷದವರು ಸಿಟ್ಟಾಗುತ್ತಾರೆ. ನನಗೆ ಎಲ್ಲರೂ ಓದುವುದು ಮುಖ್ಯ.

ನನ್ನ ಕೆಲಸ ಏನಿತ್ತು ಅಂತ ಮೊದಲು ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಅಂದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಬೂತುಗಳು ಎರಡು ಸಾವಿರದ ಆಸುಪಾಸು. ಅಷ್ಟನ್ನೂ ಅಭ್ಯರ್ಥಿ ಒಬ್ಬರೇ ಸುತ್ತಲು ಆಗಲ್ಲ. ಹಾಗಾಗಿ ಹೋಬಳಿ, ಊರು, ಬೀದಿ ಅಂತ ಹಂಚುತ್ತಾರೆ. ನನ್ನ ಪಾಲಿಗೆ 31 ಬೂತು ಬಂತು. ಮತದಾರರ ಪಟ್ಟಿಯ ಒಂದು ಪುಟದಲ್ಲಿ 30 ಹೆಸರು, ಒಂದು ಬೂತಿಗೆ ಸುಮಾರು 900 ಹೆಸರು. ಒಟ್ಟು ಹತ್ತಿರ ಹತ್ತಿರ 28 ಸಾವಿರ ಜನ. ಅವರನ್ನು ಮನೆಮನೆಗೆ ಹೋಗಿ ಮಾತಾಡಿಸುವ ವಾಲಂಟಿಯರುಗಳನ್ನು ಹುಡುಕುವುದು, ಕೆಲಸ ಹಂಚುವುದು, ಸಂಜೆ ಲೆಕ್ಕ ತೆಗೆದುಕೊಳ್ಳುವುದು ನನ್ನ ಹೊಣೆ.

ಮೊದಲ ಸಭೆಗೆ 58 ಜನ ಬಂದರು. ಕಲ್ಯಾಣ ಮಂಟಪದಲ್ಲಿ ಪಲಾವ್ ಇತ್ತು, ಮುಖಂಡರ ಭಾಷಣ ಇತ್ತು. ಎರಡನೇ ಸಭೆಗೆ 26 ಜನ. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎಷ್ಟೋ ವರ್ಷದಿಂದ ಬೂತ್ ಕೆಲಸ ಮಾಡಿಕೊಂಡು ಬಂದ ಹಿರಿಯ ಕಾರ್ಯಕರ್ತರೊಬ್ಬರು ಪಕ್ಕ ಬಂದು ಕೂತರು. "ಬಂದೋರ್ನ ಲೆಕ್ಕ ಹಾಕ್ಬೇಡವ್ವ, ಅವರಿಗೆ ಏನ್ ಕೆಲ್ಸ ಕೊಟ್ಟೆ ಅದನ್ನ ನೋಡು" ಅಂದರು. ನಿಜವಾಗಿ ಯೋಚಿಸಿದರೆ ನಾನು ಏನೂ ಕೊಟ್ಟಿರಲಿಲ್ಲ. ಸುಮ್ನೆ ಬನ್ನಿ, ಕೂರಿ, ಘೋಷಣೆ ಕೂಗಿ ಅಂದಿದ್ದೆ.

ಆಮೇಲೆ ಒಬ್ಬೊಬ್ಬರಿಗೂ ಅವರದೇ ಬೀದಿ ಕೊಟ್ಟೆ. ನಲವತ್ತು ಮನೆಗಿಂತ ಜಾಸ್ತಿ ಇಲ್ಲ. ತಮ್ಮ ಬೀದಿಯಲ್ಲಿ ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರು ಮಧ್ಯಾಹ್ನ ಮಲಗುತ್ತಾರೆ, ಯಾರು ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಹೆಣ್ಣುಮಕ್ಕಳನ್ನು ಇಬ್ಬಿಬ್ಬರಾಗಿ ಕಳಿಸಿದೆ, ಸಂಜೆ ಆರಕ್ಕೆ ಮನೆ ಸೇರಬೇಕು ಅಂತ ನಿಯಮ ಮಾಡಿದೆ. ರಾತ್ರಿ ಒಂಬತ್ತಕ್ಕೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೆ. ಎಷ್ಟು ಮನೆ ಆಯಿತು ಅಂತ ಕೇಳುವ ಮುಂಚೆ ಊಟ ಆಯಿತಾ ಅಂತ ಕೇಳುತ್ತಿದ್ದೆ. ಏಪ್ರಿಲ್ ಕೊನೆಗೆ 26 ಇದ್ದವರು 47 ಆದರು. ಅದರಲ್ಲಿ ಗ್ಯಾರೇಜಿಗೆ ರಜೆ ಹಾಕಿ ಬಂದ ಹುಡುಗ ಇದ್ದ, ಅಂಗನವಾಡಿಯಲ್ಲಿ ಮಗು ಬಿಟ್ಟು ಬರುವ ತಾಯಿ ಇದ್ದರು, ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿಸಿದ, ಇನ್ನೂ ಓಟಿಲ್ಲದ ಹುಡುಗಿಯೂ ಇದ್ದಳು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ತಂಡ ಇನ್ನೊಂದು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಈಗ ನೋಟ್‌ಬುಕ್ಕಿನ ವಿಷಯಕ್ಕೆ ಬರುತ್ತೇನೆ.

ಮನೆಮನೆ ಭೇಟಿಗೆ ಅಂತ ಕಚೇರಿಯಿಂದ ನಮಗೆ ಒಂದು ಶೀಟ್ ಕೊಟ್ಟಿದ್ದರು. ಅದರಲ್ಲಿ ಐದು ಕಾಲಂ. ಹೆಸರು, ಮನೆ ನಂಬರು, ಫೋನ್ ನಂಬರು, ಜಾತಿ, ಬಣ್ಣ. ಬಣ್ಣ ಅಂದರೆ ನಮಗೆ ಹಾಕುವವರು ಹಸಿರು, ಹಾಕದವರು ಕೆಂಪು, ಇನ್ನೂ ತೀರ್ಮಾನ ಮಾಡದವರು ಹಳದಿ. ಸಂಜೆ ಈ ಶೀಟನ್ನು ಫೋಟೋ ತೆಗೆದು ವಾರ್‌ರೂಮಿಗೆ ಕಳಿಸಬೇಕು. ಅಲ್ಲಿ ಅದು ಕಂಪ್ಯೂಟರಿಗೆ ಏರುತ್ತದೆ. ಮರುದಿನ ಹಳದಿ ಮನೆಗಳಿಗೆ ಮತ್ತೆ ಹೋಗಿ ಅಂತ ಹೇಳುತ್ತಾರೆ.

ಜಾತಿ ಕಾಲಂ ನೋಡಿ ನಮ್ಮ ಹುಡುಗಿಯೊಬ್ಬಳು "ಅಕ್ಕ, ಇದನ್ನ ಹೆಂಗ್ ಕೇಳೋದು?" ಅಂದಳು. ನನಗೂ ಗೊತ್ತಿರಲಿಲ್ಲ. ಕೇಳಬೇಡ, ಖಾಲಿ ಬಿಡು ಅಂದೆ. ಖಾಲಿ ಬಿಟ್ಟ ಶೀಟುಗಳು ಬೇರೆ ಯಾರಿಂದಲೋ ತುಂಬಿಕೊಂಡು ವಾಪಸ್ ಬಂದವು. ಊರಿನ ಬೀದಿ ಹೆಸರು ನೋಡಿಯೇ ತುಂಬಿದ್ದರು. ಆ ಶೀಟು ವಾಪಸ್ ಬಂದ ದಿನ ನನಗೆ ಆದ ಬೇಜಾರನ್ನು ಇಲ್ಲಿ ಬರೆಯಲು ಆಗುತ್ತಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಆ ಶೀಟಿನಲ್ಲಿ ಇಲ್ಲದೇ ಇದ್ದ ಕಾಲಂ. ಜನ ಏನು ಹೇಳಿದರು ಅಂತ ಬರೆಯಲು ಜಾಗವೇ ಇರಲಿಲ್ಲ.

ಒಂದು ಬಾಗಿಲಿನ ಮುಂದೆ ನಡೆದದ್ದನ್ನು ಹೇಳುತ್ತೇನೆ. ಏಪ್ರಿಲ್ ಎರಡನೇ ವಾರ, ಬೆಳಗ್ಗೆ ಹತ್ತೂವರೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು, ನಮ್ಮದೂ ಅದರಲ್ಲಿ ಒಂದು. ಊರ ಮಧ್ಯದ ಅರಳಿಕಟ್ಟೆ ಹತ್ತಿರ ಟ್ಯಾಂಕರ್ ಬಂದು ನಿಂತಿತ್ತು. ಹಸಿರು, ನೀಲಿ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಇದ್ದವು. ಒಂದು ಕೊಡದ ಕತ್ತಿಗೆ ಗುರುತಿಗೆ ಅಂತ ಕೆಂಪು ಬಟ್ಟೆ ಚೂರು ಕಟ್ಟಿತ್ತು. ಆ ಕೊಡದ ಒಡತಿಗೆ ಅರವತ್ತರ ಮೇಲೆ ವಯಸ್ಸು. ಎಂಟು ಕೊಡ ತುಂಬಿಸಿ ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಎರಡು ಕುಡಿಯಲಿಕ್ಕೆ, ಒಂದು ಅಡುಗೆಗೆ, ಎರಡು ಎಮ್ಮೆಗೆ, ಉಳಿದ ಮೂರು ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ. ಮುಂದಿನ ಟ್ಯಾಂಕರ್ ಬರುವವರೆಗೆ ಅಷ್ಟೇ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನಮ್ಮನ್ನು ನೋಡಿದರು.

ನಾನು ನಮಸ್ಕಾರ ಮಾಡಿ ಅಭ್ಯರ್ಥಿಯ ಕರಪತ್ರ ಕೊಟ್ಟೆ. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಓಟು ಹಾಕ್ತೀವಿ ಬಿಡವ್ವ, ಯಾವಾಗ ಬಿಟ್ಟೀವಿ? ಈ ನೀರಿಂದು ಬರ್ಕಂಡು ಹೋಗು. ಕೆರೆ ಪಕ್ಕದ ಬೋರಿಗೆ ಮೋಟಾರು ಸುಟ್ಟು ಎಲ್ಡು ವರ್ಷ ಆತು. ಮೋಟಾರು ಹಾಕಿದ್ರೆ ಟ್ಯಾಂಕರ್ ಬ್ಯಾಡ" ಅಂದರು. ನಾನು ಶೀಟ್ ತೆಗೆದೆ. ಹಸಿರು, ಕೆಂಪು, ಹಳದಿ. ಪೆನ್ನು ಕೈಯಲ್ಲೇ ನಿಂತಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಬರೆಯುತ್ತಾಳೋ ಇಲ್ಲವೋ ಅಂತ.

ಶೀಟಿನ ಹಿಂಬದಿ ಬರೆದುಕೊಂಡೆ. ಸಂಜೆ ಬರುವಾಗ ಪುಸ್ತಕದ ಅಂಗಡಿಯಲ್ಲಿ ಮೊದಲ ನೋಟ್‌ಬುಕ್ ತೆಗೆದುಕೊಂಡೆ. ಮರುದಿನದಿಂದ ಎಲ್ಲರಿಗೂ ಹೇಳಿದೆ, ಬಣ್ಣ ಶೀಟಿಗೆ, ಮಾತು ನೋಟ್‌ಬುಕ್ಕಿಗೆ. ಹೆಸರು ಬರೆಯಬೇಡಿ, ಮನೆ ನಂಬರು ಸಾಕು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ನಮ್ಮ ಹುಡುಗರು ಬಾಗಿಲಲ್ಲಿ ಜಾಸ್ತಿ ಹೊತ್ತು ನಿಲ್ಲತೊಡಗಿದರು. ಜನ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಒಂದು ಮನೆಯಲ್ಲಿ ಬೆರಳಚ್ಚು ಹೊಂದದೆ ಪಿಂಚಣಿ ನಿಂತ ಅಜ್ಜ. ಕಲ್ಲು ಒಡೆದು ಒಡೆದು ಬೆರಳಿನ ಗೆರೆಯೇ ಸವೆದಿದೆ, ಮಷೀನಿಗೆ ಅವರು ಯಾರು ಅಂತ ಗೊತ್ತಾಗುತ್ತಿಲ್ಲ. ಇನ್ನೊಂದು ಊರಿನಲ್ಲಿ ಬೆಳಗಿನ ಬಸ್ಸು ನಿಲ್ಲಿಸದೆ ಹೋಗುವುದರಿಂದ ಕಾಲೇಜು ಬಿಟ್ಟ ಮೂವರು ಹುಡುಗಿಯರು. ಮೂರನೇ ನೋಟ್‌ಬುಕ್ಕಿನಲ್ಲಿ ಆ ಒಂದು ಬಸ್ಸಿನ ಬಗ್ಗೆಯೇ ಹನ್ನೊಂದು ಮನೆಗಳ ಮಾತು ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಾತ್ರಿ ನರ್ಸ್ ಬೇಕು. ಶಾಲೆಯ ಶೌಚಾಲಯಕ್ಕೆ ಬಾಗಿಲಿದೆ, ನೀರಿಲ್ಲ.

ಒಬ್ಬ ತಾಯಿಗೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಕೈಯಲ್ಲಿ ಮತದಾರರ ಗುರುತಿನ ಚೀಟಿ ಇತ್ತು, ಹಿಂದಿನ ಸಲ ಓಟು ಹಾಕಿದ್ದರು. ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಹತ್ತಿರ ಹೋಗಿ ಕೇಳಿದರೆ, ತೀರಿಹೋಗಿದ್ದಾರೆ ಅಂತ ತೆಗೆದುಹಾಕಿದ್ದಾರೆ. ಅದೇ ಬೀದಿಯಲ್ಲಿ ಅದೇ ಹೆಸರಿನ ಇನ್ನೊಬ್ಬರು ತೀರಿಹೋಗಿದ್ದರು. ಹೊಸದಾಗಿ ಸೇರಿಸಲು ನಮೂನೆ 6 ತುಂಬಬೇಕು, ಆದರೆ ಈ ಚುನಾವಣೆಗೆ ಸೇರಿಸುವ ಅವಧಿ ಆಗಲೇ ಮುಗಿದಿತ್ತು. ಅವರು ನಮ್ಮ ಎದುರೇ ಕಣ್ಣೀರು ಹಾಕಿದರು. "ನಾ ಬದುಕೀನಲ್ಲವ್ವ" ಅಂದರು. ಅವರ ಮನೆಗೆ ಶೀಟಿನಲ್ಲಿ ಯಾವ ಬಣ್ಣವೂ ಬೇಕಿರಲಿಲ್ಲ, ಯಾಕಂದರೆ ಅವರಿಗೆ ಓಟಿಲ್ಲ. ಮತ್ತೆ ಅವರ ಮನೆಗೆ ಹೋಗಬೇಡಿ, ಟೈಮ್ ವೇಸ್ಟ್ ಅಂತ ಕಚೇರಿಯಲ್ಲಿ ಹೇಳಿದರು. ನಾವು ಹೋದೆವು. ಚುನಾವಣೆ ಮುಗಿದ ಮೇಲೆ ನಮೂನೆ 6 ತುಂಬಿಸಿದೆವು. ಈಗ ಅವರ ಹೆಸರು ಸೇರಿದೆ.

ಮೇ 7ರ ಮತದಾನದ ದಿನದ ಬಗ್ಗೆ ಎರಡು ಮಾತು. ಆ ದಿನ ನಮ್ಮ ಕಡೆಯ 14 ಕ್ಷೇತ್ರಗಳಲ್ಲಿ ಮತದಾನ. ಬೆಳಗ್ಗೆ ಏಳಕ್ಕೆ ಶುರು, ಆದರೆ ಅದಕ್ಕೆ ಒಂದೂವರೆ ಗಂಟೆ ಮುಂಚೆಯೇ ಅಣಕು ಮತದಾನ ಆಗುತ್ತದೆ. ಕನಿಷ್ಠ 50 ಮತ ಹಾಕಿ, ಎಣಿಸಿ, ಅಳಿಸಿ, ಆಮೇಲೆ ಮಷೀನಿಗೆ ಸೀಲ್ ಹಾಕುತ್ತಾರೆ. ಅಭ್ಯರ್ಥಿಯ ಪರವಾಗಿ ಬೂತಿನೊಳಗೆ ಕೂರುವ ನಮ್ಮ ಏಜೆಂಟರು ಐದೂಕಾಲಕ್ಕೇ ಅಲ್ಲಿದ್ದರು. ಹೊರಗೆ 200 ಮೀಟರ್ ಆಚೆ ನಮ್ಮ ಟೇಬಲ್. ಬಿಳಿ ಚೀಟಿಯಲ್ಲಿ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದು ಕೊಡುವುದು. ಚಿಹ್ನೆ ಇರಬಾರದು, ಅಭ್ಯರ್ಥಿಯ ಹೆಸರು ಇರಬಾರದು. ಎದುರು ಪಕ್ಷದವರ ಟೇಬಲ್ ಪಕ್ಕದ ಬೇವಿನ ಮರದ ಕೆಳಗೆ. ಮಧ್ಯಾಹ್ನ ಅವರ ನೀರು ಮುಗಿದಾಗ ನಮ್ಮ ಕ್ಯಾನ್ ಕೊಟ್ಟೆವು. ಅವರು ನಮಗೆ ನೆರಳು ಕೊಟ್ಟರು. ಎರಡು ಗಂಟೆಗೆ ನಾನು ನಮ್ಮೂರ ಬೂತಿಗೆ ಬದಲಿ ಏಜೆಂಟ್ ಆಗಿ ಒಳಗೆ ಹೋಗಿ ಕೂತೆ. ಸಂಜೆ ಮತದಾನ ಮುಗಿದ ಮೇಲೆ ಮತಗಟ್ಟೆ ಅಧಿಕಾರಿ ನಮೂನೆ 17ಸಿಯ ಪ್ರತಿ ಕೊಟ್ಟರು. ಎಷ್ಟು ಮತ ಬಿದ್ದಿದೆ ಅಂತ ಅದರಲ್ಲಿ ಇರುತ್ತದೆ. ತೆಗೆದುಕೊಂಡಿದ್ದಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಪುಸ್ತಕದಲ್ಲಿ ಓದಿದ ಪ್ರಜಾಪ್ರಭುತ್ವ ಅನ್ನುವ ಪದ ಆ ಕಾಗದ ಕೈಗೆ ಬಂದಾಗಿನಷ್ಟು ನನಗೆ ಹಿಂದೆಂದೂ ಹತ್ತಿರ ಬಂದಿರಲಿಲ್ಲ.

ಮರುದಿನ ಕಚೇರಿಗೆ ಹೋದೆ. ಶಾಮಿಯಾನ ಬಿಚ್ಚುತ್ತಿದ್ದರು. ಹೋಬಳಿ ಉಸ್ತುವಾರಿಗಳ ಫೋನ್ ಸ್ವಿಚ್ ಆಫ್. ವಾಲಂಟಿಯರುಗಳಿಗೆ ದಿನಕ್ಕೆ ಇಷ್ಟು ಪೆಟ್ರೋಲ್ ದುಡ್ಡು ಕೊಡುತ್ತೇವೆ ಅಂತ ಬಾಯಿಮಾತಿನಲ್ಲಿ ಹೇಳಿದ್ದರು. ನಮ್ಮ ತಂಡದ ಒಂಬತ್ತು ಹುಡುಗರಿಗೆ ಕೊನೆಯ ಹನ್ನೆರಡು ದಿನದ್ದು ಬರಲೇ ಇಲ್ಲ. ಗ್ಯಾರೇಜಿನ ಹುಡುಗ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನು ಕರೆದೆ ಅಂತ ಬಂದವನು ಅವನು.

ಜೂನ್ 4ಕ್ಕೆ ಎಣಿಕೆ ಆಯಿತು. ಎರಡು ದಿನ ಬಿಟ್ಟು ನಮ್ಮ ವಾಟ್ಸಾಪ್ ಗ್ರೂಪಿನಿಂದ ಎಲ್ಲರನ್ನೂ ತೆಗೆದರು. ಒಂದು ಥ್ಯಾಂಕ್ಸ್ ಕೂಡ ಇಲ್ಲದೆ 47 ಜನ ಒಬ್ಬೊಬ್ಬರಾಗಿ ಹೊರಗೆ ಹೋದದ್ದನ್ನು ಪರದೆಯ ಮೇಲೆ ನೋಡುತ್ತಾ ಕೂತಿದ್ದೆ.

ನೋಟ್‌ಬುಕ್ಕುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಜಿಲ್ಲಾ ಕಚೇರಿಯಲ್ಲಿ ಒಬ್ಬರು ಎರಡು ಪುಟ ತಿರುವಿ ನೋಡಿ "ನೀನೇ ಇಟ್ಕೊಳಮ್ಮ, ಮುಂದಿನ ಎಲೆಕ್ಷನ್‌ಗೆ ಬೇಕಾಗುತ್ತೆ" ಅಂದರು. ಆ ಬೋರಿನ ಮೋಟಾರು ಮುಂದಿನ ಚುನಾವಣೆಗೆ ಕಾಯಬೇಕಾ?

ಗ್ರಾಮ ಪಂಚಾಯಿತಿಗೆ ಹೋದೆ. ಸದಸ್ಯೆಯೊಬ್ಬರು ಪ್ರೀತಿಯಿಂದ ಕೂರಿಸಿ ಎಲ್ಲವನ್ನೂ ಓದಿದರು. ಚರಂಡಿ, ಬೀದಿ ದೀಪದ ನಾಲ್ಕು ವಿಷಯ ಅವರೇ ಬರೆದುಕೊಂಡರು, ಎರಡನ್ನು ಮಾಡಿಯೂ ಕೊಟ್ಟರು. "ಉಳಿದದ್ದು ನಮ್ಮ ಕೈಲಿಲ್ಲ, ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗೆ ಹೇಳಬೇಕು" ಅಂದರು. ಸರಿ, ಅಲ್ಲಿನ ನಮ್ಮ ಸದಸ್ಯರು ಯಾರು ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು.

ಸದಸ್ಯರು ಇಲ್ಲ. ಕರ್ನಾಟಕದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆಗ ನಾನು ಏಳನೇ ಕ್ಲಾಸು. 2021ರಲ್ಲಿ ಅವಧಿ ಮುಗಿಯಿತು. ಮೂರು ವರ್ಷ ಕಳೆದರೂ ಚುನಾವಣೆ ಇಲ್ಲ. ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 2020ರ ಸೆಪ್ಟೆಂಬರಿನಿಂದ ಕಾರ್ಪೊರೇಟರುಗಳೇ ಇಲ್ಲ. ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮುಂಚೆ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಇದನ್ನು ನಾನು ಐದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಪಂಚಾಯಿತಿ ಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕೂತಾಗಲೇ ಅದರ ಅರ್ಥ ಆಗಿದ್ದು.

ಇದು ಯಾವ ರಾಜ್ಯ ಅಂತ ಸ್ವಲ್ಪ ನೆನಪು ಮಾಡಿಕೊಳ್ಳೋಣ. ದೇಶಕ್ಕೆಲ್ಲ ಪಂಚಾಯಿತಿ ರಾಜ್ ತಿದ್ದುಪಡಿ ಬಂದದ್ದು 1993ರಲ್ಲಿ. ಅದಕ್ಕೂ ಹತ್ತು ವರ್ಷ ಮುಂಚೆ, 1983ರಲ್ಲೇ, ನಾವು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ಮಾಡಿದೆವು. 1987ರಲ್ಲಿ ಚುನಾವಣೆ ನಡೆಸಿದೆವು, ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟೆವು. ಅದರ ಹಿಂದೆ ನಿಂತು ದುಡಿದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತ ಕರೆದರು. ನಮ್ಮ ಅಜ್ಜಿ ಇವತ್ತಿಗೂ ಆ ಹೆಸರು ಹೇಳುತ್ತಾರೆ. ನೀರಿನ ಕೆಲಸವೂ, ಅಧಿಕಾರವನ್ನು ಹಳ್ಳಿಗೆ ಇಳಿಸುವ ಕೆಲಸವೂ ಒಬ್ಬರೇ ಮನುಷ್ಯನ ಕೈಯಲ್ಲಿ ಜೊತೆಗೇ ನಡೆದವು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುವುದೂ ಒಂದು ಬೋರ್‌ವೆಲ್ಲೇ.

ನಿಮಗೆ ಯುವಕರು ಬೇಕು ಅಂತ ಪ್ರತಿ ಭಾಷಣದಲ್ಲೂ ಹೇಳುತ್ತೀರಿ. ನಾನು ಅದನ್ನು ನಂಬಿಯೇ ಬಂದೆ. ಆದರೆ ನಾವು ಎಲ್ಲಿಂದ ಹತ್ತಿ ಬರಬೇಕು? ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕದ ಮೇಲಾಯಿತು. ನಮ್ಮ ಕ್ಲಾಸಿನ ಪ್ರತಿನಿಧಿಯನ್ನು ಅಂಕ ನೋಡಿ ಆರಿಸಿದರು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಒಂದು ಪಕ್ಷ ತನ್ನ ಹುಡುಗ ಹುಡುಗಿಯರಿಗೆ ಟಿಕೆಟ್ ಕೊಟ್ಟು ಬೆಳೆಸಬಹುದಾದ ಮೊದಲ ಮೆಟ್ಟಿಲು ಅಂದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. 21 ತುಂಬಿದರೆ ನಿಲ್ಲಬಹುದು. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೇ ಇದೆ. ಆ ಮೆಟ್ಟಿಲನ್ನೇ ಕಿತ್ತಿಟ್ಟಿದ್ದೀರಿ. ಇದರಲ್ಲಿ ಒಂದು ಪಕ್ಷದ ತಪ್ಪಿಲ್ಲ. ಈ ಮೂರು ವರ್ಷದಲ್ಲಿ ಸರ್ಕಾರ ಬದಲಾಗಿದೆ, ಚುನಾವಣೆ ಮಾತ್ರ ಆಗಿಲ್ಲ. ಹಾಗಾಗಿ ನಮಗೆ ಉಳಿದಿರುವುದು ಬಾವುಟ ಹಿಡಿಯುವುದು, ಚೀಟಿ ಹಂಚುವುದು. ನಮ್ಮ 47 ಜನರಲ್ಲಿ ಒಳ್ಳೆಯ ತಾಲ್ಲೂಕು ಪಂಚಾಯಿತಿ ಸದಸ್ಯೆ ಆಗಬಲ್ಲ ಐವರನ್ನು ನಾನು ಈಗಲೇ ತೋರಿಸುತ್ತೇನೆ. ಅಂಗನವಾಡಿಗೆ ಮಗು ಬಿಟ್ಟು ಬರುತ್ತಿದ್ದ ಆ ತಾಯಿಗೆ ನಾಲ್ಕು ಊರಿನ ಪ್ರತಿ ಕೊಳಾಯಿಯೂ ಗೊತ್ತು.

ನಾನು ಕೇಳುವುದು ದೊಡ್ಡದಲ್ಲ. ಮೊದಲು ಆ ಚುನಾವಣೆ ನಡೆಸಿ. ಆಳುವವರು ದಿನಾಂಕ ಕೊಡಿ, ವಿರೋಧ ಪಕ್ಷದವರು ಸದನದಲ್ಲಿ ಎದ್ದು ನಿಂತು ದಿನಾಂಕ ಕೇಳಿ. ನೀವು ಮನಸ್ಸು ಮಾಡಿದರೆ ಎರಡು ತಿಂಗಳಲ್ಲಿ ಎರಡು ಸಾವಿರ ಬೂತಿಗೆ ಜನರನ್ನು ಹೊಂದಿಸುತ್ತೀರಿ, ನಾನೇ ನೋಡಿದ್ದೇನೆ.

ಇನ್ನು ನಮ್ಮಂಥವರ ವಿಷಯ. ವಾಲಂಟಿಯರಾಗಿ ಬರುವವರಿಗೆ ಮೊದಲ ದಿನವೇ ಒಂದು ಕಾಗದ ಕೊಡಿ. ಏನು ಕೆಲಸ, ಎಷ್ಟು ಹೊತ್ತು, ದುಡ್ಡು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಅಂತ ಬರೆದಿರಲಿ. ದುಡ್ಡಿಲ್ಲ ಅಂದರೂ ನಾವು ಬರುತ್ತೇವೆ. ಕೊಡುತ್ತೇವೆ ಅಂದು ಕೊಡದಿರುವುದು ಮಾತ್ರ ಬೇಡ. ಲೋಕಸಭೆಯ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 95 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು, ಫಲಿತಾಂಶ ಬಂದ 30 ದಿನದಲ್ಲಿ ಲೆಕ್ಕ ಒಪ್ಪಿಸಬೇಕು. ಕಾರ್ಯಕರ್ತರ ಖರ್ಚಿಗೂ ಆ ಲೆಕ್ಕದಲ್ಲಿ ಜಾಗ ಇದೆ. ಹುಡುಗಿಯರನ್ನು ಕರೆಯುವ ಕಚೇರಿಯಲ್ಲಿ ಒಂದು ಶೌಚಾಲಯ ಇರಲಿ. ಎರಡು ತಿಂಗಳು ನಾವು ಪಕ್ಕದ ಮನೆಯವರ ಪುಣ್ಯದಿಂದ ಕೆಲಸ ಮಾಡಿದೆವು. ಜನ ನಮ್ಮ ಮುಖ ನೋಡಿ ಕೊಟ್ಟ ಫೋನ್ ನಂಬರುಗಳು ಎಲ್ಲಿ ಹೋದವು ಅಂತ ನಮಗೆ ಹೇಳಿ. ಜೂನ್ ಕಳೆದ ಮೇಲೆ ನನ್ನ ಚಿಕ್ಕಮ್ಮನಿಗೆ ಸಾಲ ಬೇಕಾ ಅಂತ ದಿನಕ್ಕೆ ಮೂರು ಫೋನ್ ಬರುತ್ತಿವೆ. ಅದು ನಮ್ಮ ಶೀಟಿನಿಂದಲೇ ಹೋಗಿದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ನನ್ನನ್ನೇ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ಡಿಜಿಟಲ್ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಮಾಡಿದವರು ನೀವೇ ಅಲ್ವಾ?

ಶೀಟಿನಲ್ಲಿ ಜಾತಿ ಕಾಲಂ ತೆಗೆದು ಆ ಜಾಗದಲ್ಲಿ "ಏನು ಹೇಳಿದರು" ಅಂತ ಒಂದು ಕಾಲಂ ಹಾಕಿ.

ಕಾಲೇಜಿನ ತಮ್ಮ ತಂಗಿಯರಿಗೂ ಒಂದು ಮಾತು ಹೇಳಬೇಕು. ಇದನ್ನು ಓದಿ ಹೆದರಿ ಹಿಂದೆ ಸರಿಯಬೇಡಿ. ಹೋಗಿ. ಯಾವ ಪಕ್ಷ ನಿಮ್ಮ ಮನಸ್ಸಿಗೆ ಹತ್ತಿರವೋ ಅಲ್ಲಿಗೆ ಹೋಗಿ. ಆ ಎರಡು ತಿಂಗಳಲ್ಲಿ ನಾನು ನನ್ನ ತಾಲ್ಲೂಕನ್ನು ಕಂಡೆ. ಇಪ್ಪತ್ತು ವರ್ಷ ಅದೇ ಬಸ್ಸಿನಲ್ಲಿ ಓಡಾಡಿಯೂ ಕಂಡಿರಲಿಲ್ಲ. ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಹೋಗಿ.

ಮಾನ್ಯರೇ, ನಾನು ಈ ನಾಲ್ಕು ನೋಟ್‌ಬುಕ್ಕುಗಳನ್ನು ಜೆರಾಕ್ಸ್ ಮಾಡಿಸಿದ್ದೇನೆ. ನಮ್ಮ ತಂಡದ ಹನ್ನೆರಡು ಜನ ಸೇರಿ ದುಡ್ಡು ಹಾಕಿದ್ದೇವೆ. ಎದುರು ಪಕ್ಷಕ್ಕೆ ಕೆಲಸ ಮಾಡಿದ ಆ ಇಬ್ಬರು ಗೆಳೆಯರೂ ತಾವು ಬರೆದುಕೊಂಡಿದ್ದನ್ನು ತಂದುಕೊಟ್ಟು, ತಮ್ಮ ಪಾಲಿನ ದುಡ್ಡನ್ನೂ ಕೊಟ್ಟಿದ್ದಾರೆ. ಎಲ್ಲವನ್ನೂ ಊರಿನ ಪ್ರಕಾರ ಜೋಡಿಸಿದ್ದೇವೆ, ಮನೆ ನಂಬರುಗಳನ್ನೂ ತೆಗೆದಿದ್ದೇವೆ. ಒಂದೊಂದು ಪ್ರತಿ ನಮ್ಮ ಸಂಸದರ ಕಚೇರಿಗೆ, ಶಾಸಕರ ಕಚೇರಿಗೆ, ಎಲ್ಲ ಪಕ್ಷಗಳ ಜಿಲ್ಲಾ ಕಚೇರಿಗೆ, ಜಿಲ್ಲಾ ಪಂಚಾಯಿತಿಯ ಅಧಿಕಾರಿಗಳಿಗೆ ತಂದುಕೊಡುತ್ತೇವೆ. ಹಾರ, ಫೋಟೋ ಏನೂ ಬೇಡ. ಮೇ 7ರ ಸಂಜೆ ಬೂತಿನಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡರಲ್ಲ, ಹಾಗೆ ತಲುಪಿದೆ ಅಂತ ನೀವೂ ಒಂದು ಸಹಿ ಹಾಕಿಕೊಡಿ, ಸಾಕು.

ಹೋದ ವಾರ ಆ ಊರಿನ ಮೇಲೆ ಹೋಗುವಾಗ ಬಸ್ಸು ಅರಳಿಕಟ್ಟೆ ಹತ್ತಿರ ನಿಂತಿತ್ತು. ಮಳೆ ಬಂದು ಕೆರೆಯಲ್ಲಿ ಸ್ವಲ್ಪ ನೀರಿದೆ, ಟ್ಯಾಂಕರ್ ಈಗ ಬರುವುದಿಲ್ಲ. ಕೆಂಪು ಬಟ್ಟೆ ಕಟ್ಟಿದ ಕೊಡದ ಆ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ಕಿಟಕಿಯಲ್ಲಿ ನನ್ನನ್ನು ನೋಡಿ ಗುರುತು ಹಿಡಿದರು. ಎದ್ದು ಹತ್ತಿರ ಬಂದು "ಬರ್ಕಂಡು ಹೋದ್ಯಲ್ಲವ್ವ, ಕೊಟ್ಯೇನು?" ಅಂದರು.

ಇನ್ನೂ ಇಲ್ಲ ಅಜ್ಜಿ, ಕೊಡ್ತೀನಿ ಅಂದೆ. ಬಸ್ಸು ಹೊರಟಿತು.

ಇಂತಿ ತಮ್ಮ ವಿಶ್ವಾಸಿ,
31 ಬೂತುಗಳ ವಾಲಂಟಿಯರ್ ತಂಡದ ಪರವಾಗಿ
ಒಬ್ಬ ಬಿಎ ವಿದ್ಯಾರ್ಥಿನಿ
ಸೆಪ್ಟೆಂಬರ್ 2024